ಫಕೀರಪ್ಪ ಕಾಕಾನ ಕೈಬಡಿತ

ದೆವ್ವ ನೋಡಿದೆ ಎನ್ನುವವರನ್ನು ನಾನು ಚೇಷ್ಟೆ ಮಾಡದೆ ಬಿಟ್ಟವನಲ್ಲ. ಲಾರಿ ಓಡಿಸುವವರಲ್ಲಿ ಇಂಥ ಕಥೆಗಳಿಗೇನೂ ಬರವಿಲ್ಲ. ಒಬ್ಬನಿಗೆ ಹಳ್ಳದ ಸೇತುವೆಯ ಮೇಲೆ ಬಿಳಿ ಸೀರೆಯವಳು ಕೈ ಮಾಡಿರುತ್ತಾಳೆ, ಇನ್ನೊಬ್ಬನ ಗಾಡಿ ಹುಣಸೆ ಮರದ ಕೆಳಗೆ ತಾನಾಗಿಯೇ ನಿಂತುಬಿಟ್ಟಿರುತ್ತದೆ. ಗದಗಿನ ಚಹಾದಂಗಡಿಯಲ್ಲಿ ಕುಳಿತು ಅವರು ಕಣ್ಣರಳಿಸಿ ಹೇಳುತ್ತಿದ್ದರೆ ನಾನು, "ಆಕಿಗೆ ನಿನ್ನ ಡಕೋಟಾ ಗಾಡೀನ ಬೇಕಾಗಿತ್ತೇನೋ, ಹೊಸಾವು ಯಾವೂ ಸಿಗಲಿಲ್ಲೇನು?" ಎಂದು ಕೇಳಿ ಎಲ್ಲರನ್ನೂ ನಗಿಸುತ್ತಿದ್ದೆ. ಈಗಲೂ ಅಂಥದ್ದನ್ನೆಲ್ಲ ನಂಬುತ್ತೇನೆಂದು ಹೇಳಲಾರೆ. ಆದರೆ ನನಗೇ ಒಮ್ಮೆ ಒಂದು ಅನುಭವವಾಯಿತು. ಅದನ್ನು ಏನೆಂದು ಕರೆಯಬೇಕೋ ತಿಳಿಯದೆ ಇಷ್ಟು ವರ್ಷ ಹೊರಗಿನವರಿಗೆ ಹೇಳಿಲ್ಲ.

ಮೊದಲು ನನ್ನ ವಿಷಯ ಹೇಳಿಬಿಡುತ್ತೇನೆ. ಹುಲಕೋಟಿ ಕಡೆಯ ಮಾಸ್ತರರ ಮನೆತನ ನಮ್ಮದು. ಅಜ್ಜ, ಅಪ್ಪ, ಅಣ್ಣಂದಿರು ಎಲ್ಲರೂ ಖಡು ಹಿಡಿದು ಶಾಲೆಯ ಕರಿಹಲಗೆಯ ಮೇಲೆ ಬರೆದವರು. ನಾನೊಬ್ಬನೇ ಸ್ಟೇರಿಂಗ್ ಹಿಡಿದೆ. ಅಪ್ಪ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಅವರು ಮಾತನ್ನೇ ಬಿಟ್ಟರು. ಅಪ್ಪ ಮಾತು ಬಿಟ್ಟ ಮೇಲೆ ಮನೆಯವರೂ ಒಬ್ಬೊಬ್ಬರಾಗಿ ಬಿಟ್ಟರು. ಬೆಟಗೇರಿಯಲ್ಲಿ ಒಂದು ಖೋಲಿ ಬಾಡಿಗೆಗೆ ಹಿಡಿದು, ಅಲ್ಲಿಯ ಸಾಹುಕಾರರೊಬ್ಬರ ಟ್ರಾನ್ಸ್‌ಪೋರ್ಟಿನಲ್ಲಿ ಕೆಲಸಕ್ಕೆ ನಿಂತೆ. ಎಪ್ಪತ್ತರ ದಶಕದ ಮಾತು. ಆಗ ನನಗೆ ಮದುವೆಯಾಗಿರಲಿಲ್ಲ, ಆಗುವ ಲಕ್ಷಣವೂ ಇರಲಿಲ್ಲ.

ನನ್ನ ಪಾಲಿಗೆ ಬಂದದ್ದು ಹಳೆಯ ವಿಲಾಯತಿ ಬೆಡ್‌ಫೋರ್ಡ್ ಲಾರಿ. ದುಂಡನೆಯ ಮೂಗು, ಎರಡು ಹೋಳಿನ ಮುಂದಿನ ಗಾಜು, ಕಟ್ಟಿಗೆಯ ಕ್ಯಾಬಿನ್ನು, ಕಟ್ಟಿಗೆಯ ಬಾಡಿ. ಚಳಿಗಾಲದ ಮುಂಜಾನೆ ಮುಂದೆ ನಿಂತು ಹ್ಯಾಂಡಲ್ ಹಾಕಿ ತಿರುವದಿದ್ದರೆ ಎಂಜಿನ್ನು ಏಳುತ್ತಿರಲಿಲ್ಲ. ಗೇರು ಬದಲಿಸಲು ಕ್ಲಚ್ಚನ್ನು ಎರಡೆರಡು ಸಲ ತುಳಿಯಬೇಕು, ಇಲ್ಲವಾದರೆ ಊರಿಗೆಲ್ಲ ಕೇಳುವ ಹಾಗೆ ಹಲ್ಲು ಕಡಿಯುತ್ತಿತ್ತು. ದೊಡ್ಡ ಕಂಪನಿಗಳವರು ಆಗಲೇ ಹೊಸ ಗಾಡಿ ತಂದಿದ್ದರು. ಅವುಗಳ ಡ್ರೈವರುಗಳು ನಮ್ಮನ್ನು ದಾಟುವಾಗ, "ಅಜ್ಜಾರ, ಬಾಜೂಕ ಸರೀರಿ" ಎಂದು ಕೂಗಿ ಹೋಗುತ್ತಿದ್ದರು. ಹೋಗಲಿ ಬಿಡಿ. ಲಕ್ಷ್ಮೇಶ್ವರದ ಮೆಣಸಿನಕಾಯಿ, ಅಂತೂರ ಬೆಂತೂರದ ಹತ್ತಿ, ಮುಂಡರಗಿಯ ಶೇಂಗಾ ಹೊತ್ತುಕೊಂಡು ಏರು ಹತ್ತುವಾಗ ಆ ಎಂಜಿನ್ನು ಹೊರಡಿಸುತ್ತಿದ್ದ ಗಂಭೀರವಾದ ದನಿಯನ್ನು ನಾನು ಮುಂದೆ ಓಡಿಸಿದ ಯಾವ ಗಾಡಿಯಲ್ಲೂ ಕೇಳಲಿಲ್ಲ. ಈಗ ಅಂಥ ಒಂದು ಲಾರಿಯೂ ನಮ್ಮ ಕಡೆ ಉಳಿದಿಲ್ಲ.

ಆ ಲಾರಿಯ ಕ್ಲೀನರ್ ಶಿರಹಟ್ಟಿಯ ಫಕೀರಪ್ಪ. ಕ್ಲೀನರ್ ಎಂದರೆ ಮೀಸೆ ಚಿಗುರದ ಹುಡುಗರೇ ಎಲ್ಲರ ಕಣ್ಣ ಮುಂದೆ ಬರುತ್ತಾರೆ. ಇವನಿಗೆ ತಲೆ ಬೆಳ್ಳಗಾಗಿತ್ತು, ನಾನು ಕಾಕಾ ಎಂದೇ ಕರೆಯುತ್ತಿದ್ದೆ. ಇಷ್ಟು ವಯಸ್ಸಾದರೂ ಗಾಡಿ ಓಡಿಸುವುದನ್ನು ಯಾಕೆ ಕಲಿಯಲಿಲ್ಲ ಎಂದು ಕೇಳಿದರೆ, "ಇಬ್ಬರೂ ಮುಂದ ನೋಡಿದ್ರ ಹಿಂದ ನೋಡಾವ್ರು ಯಾರೋ ಮಾಸ್ತರ?" ಎನ್ನುತ್ತಿದ್ದ. ಮನೆತನ ಹಿಡಿದು ನನ್ನನ್ನು ಮಾಸ್ತರ ಎಂದು ಕರೆದು ಕಾಡುವುದು ಅವನ ಚಟ. ಅವನಿಗೂ ಹೆಂಡತಿ ಮಕ್ಕಳಿಲ್ಲ, ಶಿರಹಟ್ಟಿಯಲ್ಲಿ ಒಬ್ಬ ತಂಗಿ ಇದ್ದಳು ಅಷ್ಟೇ. ಗಾಡಿಯ ನೆರಳಿನಲ್ಲಿ ಮೂರು ಕಲ್ಲು ಹೂಡಿ ಕಡಲೆಹಿಟ್ಟಿನ ಝುಣಕ ಮಾಡುತ್ತಿದ್ದ, ಖಾರ ಹೆಚ್ಚಾಯಿತೆಂದರೆ ಸಿಟ್ಟಾಗುತ್ತಿದ್ದ. ಅವನ ಮಾತಿಗೆ ಬ್ರೇಕೇ ಇರಲಿಲ್ಲ. ಎಷ್ಟೋ ಸಲ ನಾನು, "ಬಾಯಿ ಮುಚ್ಚೋ ಮಾರಾಯಾ, ಎಂಜಿನ್ ಸಪ್ಪಳ ಕೇಳವಲ್ದು" ಎಂದು ಕೈ ಮುಗಿದಿದ್ದೇನೆ.

ಲೋಡಾದ ಲಾರಿಯನ್ನು ಹಿಂದಕ್ಕೆ ತೆಗೆದುಕೊಳ್ಳುವಾಗ ಡ್ರೈವರನಿಗೆ ಹಿಂದಿನದೇನೂ ಕಾಣುವುದಿಲ್ಲ. ಕ್ಲೀನರ್ ಕೆಳಗಿಳಿದು ಬಾಡಿಯ ಹಲಗೆಯನ್ನು ಅಂಗೈಯಿಂದ ಬಡಿಯುತ್ತಾನೆ. ಒಂದೊಂದಾಗಿ ನಿಧಾನಕ್ಕೆ ಬಡಿದರೆ ಬರಲಿ ಎಂದರ್ಥ, ಒಮ್ಮೆಲೇ ಜೋರಾಗಿ ಎರಡು ಬಡಿದರೆ ನಿಲ್ಲು ಎಂದರ್ಥ. ಎಲ್ಲ ಕ್ಲೀನರುಗಳೂ ಬಡಿಯುತ್ತಾರೆ. ಆದರೆ ಫಕೀರಪ್ಪನ ಬಲಗೈಯಲ್ಲಿ ಒಂದು ತಾಮ್ರದ ಕಡಗವಿತ್ತು. ಅಂಗೈಯ ಧಪ್ ಎಂಬ ಸದ್ದಿನ ಬೆನ್ನಿಗೇ ಕಡಗದ ಟಣ್ ಎಂಬ ಸಣ್ಣ ಸದ್ದು ಬರುತ್ತಿತ್ತು. ಹತ್ತು ಲಾರಿ ಒಟ್ಟಿಗೆ ನಿಂತ ಸಂತೆಯಲ್ಲೂ ಅವನ ಬಡಿತ ನನಗೆ ಗೊತ್ತಾಗುತ್ತಿತ್ತು. ಅದನ್ನು ಕೇಳಿದರೆ ತಲೆ ಹೊರಗೆ ಹಾಕಿ ನೋಡುತ್ತಿರಲಿಲ್ಲ. ನನ್ನ ಜೀವ ಅವನ ಕೈಯಲ್ಲಿತ್ತು, ಅದರಲ್ಲಿ ನನಗೆ ನಿಶ್ಚಿಂತೆಯಿತ್ತು.

ಒಂದು ಶ್ರಾವಣದಲ್ಲಿ ಅವನಿಗೆ ಕಾಮಾಲಿ ಆಯಿತು. ನಾಟಿ ಔಷಧಿ ತೆಗೆದುಕೊಂಡು ಬರುತ್ತೇನೆಂದು ತಂಗಿಯ ಮನೆಗೆ ಹೋದ. ನಾನು ಹುಬ್ಬಳ್ಳಿಗೆ ಹತ್ತಿಯ ಲೋಡು ಒಯ್ದು ಇಳಿಸಿ ಮರಳಿ ಬರುವಷ್ಟರಲ್ಲಿ ಅವನ ಸಾವಿನ ಖಬರ ನನಗಾಗಿ ಕಾದಿತ್ತು. ಶಿರಹಟ್ಟಿಗೆ ಓಡಿದೆ. ಮಣ್ಣು ಕೊಟ್ಟು ಎಲ್ಲರೂ ಮನೆಗೆ ಬಂದಾಗಿತ್ತು. ಮುಖ ನೋಡಲು ಸಿಗಲಿಲ್ಲ. ಹಸಿ ಮಣ್ಣಿನ ಮುಂದೆ ನಿಂತರೆ ಅಳುವೂ ಬರಲಿಲ್ಲ, ಅವನು ಅದರ ಕೆಳಗಿದ್ದಾನೆಂದು ಮನಸ್ಸು ಒಪ್ಪಲಿಲ್ಲ.

ಸಾಹುಕಾರರು ಬೇರೆ ಕ್ಲೀನರನನ್ನು ಕೊಡಲು ಬಂದರು. ಬೇಡವೆಂದೆ. "ಹಿಂದ ನೋಡಾವ್ರು ಬ್ಯಾಡೇನಪಾ? ಗಾಡಿ ಎಲ್ಲರೆ ಬಡದ್ರ?" ಎಂದು ರೇಗಿದರು. "ನಾನ ಇಳದು ನೋಡಿಕೋತೇನ್ರಿ" ಎಂದೆ. ಹಟ ನನಗೆ ಅಪ್ಪನಿಂದ ಬಂದದ್ದು. ಆಮೇಲಿನ ತಿಂಗಳುಗಳನ್ನು ನೆನೆಸಿಕೊಳ್ಳಲು ಈಗಲೂ ಮನಸ್ಸಾಗುವುದಿಲ್ಲ. ಎಂಜಿನ್ನಿನ ಸಪ್ಪಳ ಕೇಳಬೇಕೆಂದು ಅವನ ಬಾಯಿ ಮುಚ್ಚಿಸುತ್ತಿದ್ದೆನಲ್ಲ, ಈಗ ಬೆಳಗಿನಿಂದ ಸಂಜೆಯವರೆಗೆ ಅದೊಂದೇ ಸಪ್ಪಳ. ಮನುಷ್ಯರ ದನಿ ಕೇಳಬೇಕೆನಿಸಿ ರಸ್ತೆಯ ಬದಿಯ ಮೈಲುಗಲ್ಲುಗಳನ್ನು ಗಟ್ಟಿಯಾಗಿ ಓದುತ್ತ ಹೋಗುತ್ತಿದ್ದೆ. ದೀಪಾವಳಿಗೆ ಎಲ್ಲರೂ ಊರಿಗೆ ಹೋದರು. ನಾನು ಗಾಡಿ ತೊಳೆದು, ಮೂಗಿಗೆ ಒಂದು ಹೂವಿನ ಮಾಲೆ ಹಾಕಿ, ಅದರಲ್ಲೇ ಮಲಗಿದೆ.

ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ಮುಂಡರಗಿಯ ಆಚೆ, ಕಪ್ಪತಗುಡ್ಡದ ಬುಡದ ಹಳ್ಳಿಯೊಂದರಲ್ಲಿ ಶೇಂಗಾ ಚೀಲ ತುಂಬಿಸಿಕೊಂಡು ಹೊರಟಿದ್ದೆ. ಚಕ್ಕಡಿ ದಾರಿಯಲ್ಲಿ ಹೋದರೆ ಡಾಂಬರು ರಸ್ತೆ ಜಲ್ದಿ ಸಿಗುತ್ತದೆಂದು ರೈತರು ಹೇಳಿದ್ದರು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಹಳ್ಳ ದಾರಿಯನ್ನು ಕಡಿದುಕೊಂಡು ಹೋಗಿದ್ದು ಕಂಡಿತು. ಗಾಡಿ ತಿರುಗಿಸಲೇಬೇಕು. ಎಡಕ್ಕೆ ಒಂದು ಬಯಲು ಇತ್ತು. ಇಳಿದು ನೋಡಿದೆ, ನೆಲ ಗಟ್ಟಿಯಿತ್ತು, ಆಚೆಗೆ ಜಾಲಿಕಂಟಿ ದಟ್ಟವಾಗಿ ಬೆಳೆದಿತ್ತು. ಗುಡ್ಡದ ಕಡೆಯಿಂದ ಗಾಳಿ ಬೀಸಿ ಕೆಂಪು ಧೂಳು ಏಳುತ್ತಿತ್ತು. ನರಪಿಳ್ಳೆ ಇರಲಿಲ್ಲ. ಕಂಟಿಯವರೆಗೆ ತೆಗೆದುಕೊಂಡರೆ ಸಾಕೆಂದು ಅಂದಾಜು ಮಾಡಿ, ಹತ್ತಿ ಕುಳಿತು ರಿವರ್ಸ್ ಗೇರು ಹಾಕಿದೆ.

ಸ್ವಲ್ಪ ಹಿಂದಕ್ಕೆ ಸರಿದು, ಕ್ಲಚ್ಚು ತುಳಿದು, ಇನ್ನು ಸಾಕೋ ಇನ್ನಷ್ಟು ಹೋಗಬೇಕೋ ಎಂದು ಅನುಮಾನಿಸುತ್ತಿದ್ದೆ. ಆಗ ಹಲಗೆಯ ಮೇಲೆ ಧಪ್ ಎಂದು ಬಡಿತ ಬಿತ್ತು. ಅದರ ಬೆನ್ನಿಗೇ ಟಣ್ ಎಂದಿತು.

ಓದುವವರು ನಗಬಹುದು, ನಗಲಿ. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೇನೆ. ನನಗೆ ಆಶ್ಚರ್ಯವೇ ಆಗಲಿಲ್ಲ. ಎಷ್ಟೋ ವರ್ಷಗಳ ರೂಢಿ, ಬಡಿತ ಕೇಳಿದ ಕೂಡಲೇ ಕಾಲು ಕ್ಲಚ್ಚನ್ನು ಸಡಿಲ ಬಿಟ್ಟಿತು, ಗಾಡಿ ಹಿಂದಕ್ಕೆ ಹೋಯಿತು. ಮತ್ತೆ ಧಪ್, ಟಣ್. ಬರಲಿ, ಬರಲಿ. ಇನ್ನಷ್ಟು ಹೋಯಿತು. ಮೂರನೆಯ ಸಲ ಕೇಳಿದಾಗ ಅದು ಯಾರ ಕೈ ಎಂಬುದು ತಲೆಗೆ ಹತ್ತಿತು. ಹೆದರಿಕೆಯಾಗಲಿಲ್ಲ. ನನಗೆ ಆದದ್ದು ಸಂತೋಷ, ಬರೀ ಸಂತೋಷ. ಕಾಕಾ ಬಂದಿದ್ದಾನೆ, ಇಳಿದು ನೋಡಬೇಕು ಎಂಬುದೊಂದೇ ಮನಸ್ಸಿನಲ್ಲಿತ್ತು. ಗೇರು ಬಿಡಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ನನ್ನೂ ಆರಿಸದೆ, ಬಾಗಿಲು ತೆರೆದು ಜಿಗಿದು ಹಿಂದಕ್ಕೆ ಓಡಿದೆ.

ಅಲ್ಲಿ ಯಾರೂ ಇರಲಿಲ್ಲ. ಲಾರಿಯ ಹಿಂಭಾಗ ಜಾಲಿಕಂಟಿಯೊಳಗೆ ಹೊಕ್ಕಿತ್ತು. ಕಂಟಿ ಸರಿಸಿ ನೋಡಿದರೆ ಗಾಲಿಯಿಂದ ಒಂದು ಗೇಣು ಆಚೆಗೆ ನೆಲವೇ ಇಲ್ಲ. ಕಲ್ಲು ಒಡೆದು ಬಿಟ್ಟ ಹಳೆಯ ಖಣಿ. ಕೆಳಗೆ ಬಹಳ ಆಳದಲ್ಲಿ ಹಸಿರು ನೀರು. ಗಾಲಿಯ ಅಂಚಿನಿಂದ ಮಣ್ಣು ಉದುರಿ ನೀರಿಗೆ ಬೀಳುತ್ತಿತ್ತು. ನಾನು ಗಾಲಿಗೆ ಕಲ್ಲು ಇಟ್ಟೆ.

ಅಷ್ಟರಲ್ಲಿ ಕಂಬಳಿ ಹೊದ್ದ ಕುರುಬರವನೊಬ್ಬ ಏದುಸಿರು ಬಿಡುತ್ತ ಓಡಿ ಬಂದ. "ಏನ್ರಿ ಡ್ರೈವರ್ರ, ಕಿವಿ ಕೇಳ್ಸೂದಿಲ್ಲೇನ್ ನಿಮಗ? ಖಣಿ ಐತಿ, ನಿಂದರ್ರಿ ನಿಂದರ್ರಿ ಅಂತ ಗಂಟಲಾ ಹರಕೊಂಡೇನಿ" ಎಂದ. ಅವನ ಕೂಗು ನನಗೆ ಒಂದಿಷ್ಟೂ ಕೇಳಿರಲಿಲ್ಲ. ಗಾಡಿಯ ಹಿಂದೆ ಯಾರಿದ್ದರು ಎಂದು ಕೇಳಿದೆ. ಅವನು ನನ್ನ ಮುಖವನ್ನೇ ನೋಡಿ, "ಯಾರಿದ್ರಿ? ಅಲ್ಲಿಂದ ನೋಡ್ಕೋತನ ಬಂದೇನಿ, ನೀವೊಬ್ರ ಅದೀರಿ. ನೀರು ಕುಡೀತೀರೇನು?" ಎಂದ.

ಮಾಸ್ತರರ ಮನೆಯ ಬುದ್ಧಿ ಸುಮ್ಮನಿರಗೊಡಲಿಲ್ಲ. ಹಿಂದಿನ ಬಾಗಿಲಿನ ಸರಪಳಿ ಗಾಳಿಗೆ ಬಡಿದಿರಬೇಕೆಂದು ಹೋಗಿ ಅಲ್ಲಾಡಿಸಿದೆ. ಅದು ಬಿಗಿಯಾಗಿ ಕೊಂಡಿಯಲ್ಲಿತ್ತು. ಜಾಲಿಯ ಟೊಂಗೆಯನ್ನು ಹಲಗೆಗೆ ಬಡಿದು ನೋಡಿದೆ, ಹಗ್ಗ ಎಳೆದು ನೋಡಿದೆ, ಕಲ್ಲಿನಿಂದ ತಟ್ಟಿ ನೋಡಿದೆ. ಯಾವುದರಿಂದಲೂ ಆ ಸದ್ದು ಬರಲಿಲ್ಲ. ಕುರುಬರವನು ಇವನಿಗೆ ತಲೆ ಕೆಟ್ಟಿದೆ ಎಂದುಕೊಂಡು ತನ್ನ ಕುರಿಗಳ ಕಡೆಗೆ ಹೋದ.

ಮುಂದಿನ ವಾರ ಶಿರಹಟ್ಟಿಗೆ ಹೋದಾಗ ಫಕೀರಪ್ಪನ ತಂಗಿ ಗಂಗವ್ವನಿಗೆ ಎಲ್ಲವನ್ನೂ ಹೇಳಿದೆ. ಬಡಿತ ಕೇಳಿ ಇಳಿದೆ, ಬದುಕಿದೆ ಎಂದಾಗ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಅವನು ನಿಲ್ಲು ಎಂದಲ್ಲ, ಬರಲಿ ಎಂದು ಬಡಿದ ಅಂತ ಹೇಳಿಬಿಟ್ಟೆ. ಅವಳ ಮುಖ ಕೆಂಪಾಯಿತು. "ನಮ್ಮಣ್ಣ ಅಂಥಾವ ಅಲ್ಲೋ ತಮ್ಮಾ. ನಿನ್ನ ಖಣಿಗೆ ಕರದಾನೇನು ಅವಾ? ನಿಂದರು ಅಂತನ ಬಡದಿರ್ತಾನ. ನಿನಗ ತಪ್ಪು ಕೇಳೇತಿ" ಎಂದಳು. ನಾನು, "ಹಂಗ ಇರಬೇಕು ಅಕ್ಕಾ" ಎಂದೆ. ಅವಳು ಸಮಾಧಾನವಾಗಿ ರೊಟ್ಟಿ ಬಡಿಯಲು ಕುಳಿತಳು, ಉಣ್ಣದೆ ಹೋಗಗೊಡಲಿಲ್ಲ.

ನನಗೆ ತಪ್ಪು ಕೇಳಿಲ್ಲ. ಆ ಕೈಯ ವಿಷಯದಲ್ಲಿ ನನಗೆ ತಪ್ಪು ಕೇಳುವುದು ಶಕ್ಯವಿಲ್ಲ. ಅವನು ನನ್ನನ್ನು ಕರೆದನೇ, ಅಲ್ಲಿ ಅವನಿಗೂ ಮಾತಿಗೆ ಯಾರೂ ಇರಲಿಲ್ಲವೇ? ಅಥವಾ ತನ್ನ ಬಡಿತ ಕೇಳಿದರೆ ಇವನು ಗಾಡಿ ಬಿಟ್ಟು ಓಡಿ ಬರುತ್ತಾನೆಂದು ತಿಳಿದೇ ಬಡಿದನೇ? ಅಥವಾ ಒಂಟಿತನಕ್ಕೆ ಬೇಸತ್ತ ನನ್ನ ಕಿವಿಯೇ ಆ ಸದ್ದನ್ನು ಹುಟ್ಟಿಸಿತೇ? ಮುಂದೆ ಅಪ್ಪ ಮಾತಾಡಿಸಿದರು, ಮದುವೆಯಾಯಿತು, ಮಕ್ಕಳಾದರು. ಎಂಬತ್ತರ ದಶಕದಲ್ಲಿ ಆ ಲಾರಿಯನ್ನು ಸಾಹುಕಾರರು ಗುಜರಿಗೆ ಹಾಕಿದರು. ಉತ್ತರ ಮಾತ್ರ ನನಗೆ ಸಿಗಲಿಲ್ಲ.

ಗಂಗವ್ವನಿಗೆ, ಮುಂದೆ ಹೆಂಡತಿಗೂ, ಹೇಳದೆ ಉಳಿದದ್ದು ಒಂದಿದೆ. ಕುರುಬರವನು ಹೋದ ಮೇಲೆ ನಾನು ಗಾಲಿಯ ಕಲ್ಲು ತೆಗೆದೆ. ಕ್ಯಾಬಿನ್ನು ಹತ್ತಿ ಹ್ಯಾಂಡ್‌ಬ್ರೇಕ್ ಬಿಟ್ಟು, ರಿವರ್ಸ್ ಗೇರನ್ನೇ ಹಾಕಿ, ಕ್ಲಚ್ಚನ್ನು ಒತ್ತಿ ಹಿಡಿದು, ಬ್ರೇಕಿನ ಮೇಲೆ ಕಾಲಿಟ್ಟು, ಕಿವಿಗೊಟ್ಟು ಕುಳಿತೆ. ಬಿಸಿಲು ಗುಡ್ಡದ ಆಚೆ ಇಳಿಯುವವರೆಗೆ ಕುಳಿತಿದ್ದೆ. ಬಡಿತ ಬರಲಿಲ್ಲ. ಬಂದಿದ್ದರೆ ಕಾಲು ಎತ್ತುತ್ತಿದ್ದೆನೋ ಇಲ್ಲವೋ, ಅದು ನನಗೆ ಇಂದಿಗೂ ಗೊತ್ತಿಲ್ಲ.