ಬೈಗುಳ ಉಳಿಸಿಕೊಟ್ಟ ಜುಂಜಮ್ಮನವರು

ಕನ್ನಡದ ಪತ್ತೇದಾರಿ ಕಾದಂಬರಿಗಳಲ್ಲಿ ಕೊಲೆಗಾರರನ್ನು ಹಿಡಿದವರು ನೂರಾರು ಮಂದಿ. ಆದರೆ ಮೂರನೆಯ ಅಧ್ಯಾಯದ ಎಡಚ ಕೊಲೆಗಾರ ಒಂಬತ್ತನೆಯದರಲ್ಲಿ ಬಲಗೈಯಿಂದ ಇರಿದದ್ದನ್ನು ಹಿಡಿದವರು ಚಿತ್ರದುರ್ಗದ ಕಲ್ಲಹೂವು ಪ್ರಕಾಶನದಲ್ಲಿ ಕರಡು ತಿದ್ದುವ ಶ್ರೀಮತಿ ಜುಂಜಮ್ಮನವರೊಬ್ಬರೇ. ಅವರು ಕೆಂಪು ಪೆನ್ನಿನ ಮುಚ್ಚಳ ತೆಗೆದರೆ ಭರಮಸಾಗರದ ಕೆರೆಯಲ್ಲಿ ಅಲೆಯೇಳುತ್ತಿತ್ತು. ಸಿಟ್ಟಿನಿಂದ ಮೇಜಿಗೆ ಕುಕ್ಕಿದರೆ ಜೋಗಿಮಟ್ಟಿಯ ಚಿರತೆಗಳು ಮರಿ ಕಚ್ಚಿಕೊಂಡು ಗುಡ್ಡ ದಾಟುತ್ತಿದ್ದವು. ಅವರ ಸಿಟ್ಟು ಅಂಥದ್ದು. ಇದು ಅವರ ಅಭಿನಂದನ ಗ್ರಂಥವೆಂಬ ಕಾರಣಕ್ಕೆ ಅದನ್ನು ಮುಚ್ಚಿಡಲಾಗದು.

ಹಿರಿಯೂರು ಕಡೆಯ ಕುರಿಗಾಹಿ ಮನೆತನದಲ್ಲಿ ಹುಟ್ಟಿ, ಹೊಸದುರ್ಗದಲ್ಲಿ ಓದಿದ ಅವರು, ಸಂದರ್ಶನದ ದಿನವೇ ಸಂಸ್ಥಾಪಕ ಚಿತ್ರಲಿಂಗಪ್ಪನವರ ಜಾಹೀರಾತಿನ ತಪ್ಪುಗಳನ್ನು ತಿದ್ದಿ ಅವರ ಕೈಗಿತ್ತು ಕೆಲಸ ಗೆದ್ದರು. ಬೈಂಡಿಂಗ್ ವಿಭಾಗದ ನಾಗಕ್ಕ ಹೆರಿಗೆಗೆ ಹೋದಾಗ ಅವರ ಪಾಲಿನ ಹಾಳೆಗಳನ್ನು ತಾವೇ ಕೂತು ಮಡಚಿದರು. ಪಠ್ಯಕ್ಕೆ ಕೈ ಹಾಕಿದವರು ಯಾರೇ ಇರಲಿ, ತಿದ್ದಿದ್ದನ್ನು ಅಚ್ಚುಕೂಟದ ಎಲ್ಲರೆದುರು ಗಟ್ಟಿಯಾಗಿ ಓದಿಯೇ ತೀರಬೇಕೆಂಬ ಕಟ್ಟಳೆಯೂ ಅವರದೇ.

ಆ ಕಟ್ಟಳೆಯ ಬೆಲೆ ತಿಳಿದದ್ದು ಕಳೆದ ವರ್ಷ. ‘ಜಂಕ್ಷನ್ನಿನ ಹೆಣ’ ಎಂಬ ಹಳೆಯ ಕಾದಂಬರಿಯ ಮರುಮುದ್ರಣ ಅವರ ಸೇವೆಯ ಕೊನೆಯ ಪುಸ್ತಕವಾಗಬೇಕಿತ್ತು. ಚಿಕ್ಕಜಾಜೂರು ರೈಲು ಜಂಕ್ಷನ್ನಿನಲ್ಲೊಂದು ಕೊಲೆ, ಹೆಗಲ ಮೇಲೆ ಕಂಬಳಿ ಕಂಡದ್ದೇ ಇನ್ಸ್‌ಪೆಕ್ಟರು ಕುರಿಗಾಹಿ ಓಬಯ್ಯನ ಹುಟ್ಟನ್ನೇ ಬೈದು ಎಳೆದೊಯ್ಯುತ್ತಾನೆ, ಕೊಂದವನು ಮಾತ್ರ ಆ ಇನ್ಸ್‌ಪೆಕ್ಟರನ ಜೊತೆಗೇ ಚಹಾ ಕುಡಿದ ಸಾಹುಕಾರ. ಚಿತ್ರಲಿಂಗಪ್ಪನವರ ಮಗ, ಈಗಿನ ಮಾಲೀಕ ಪ್ರದೀಪ್, ಇಂದಿನ ಓದುಗರಿಗೆ ಒಗ್ಗುವುದಿಲ್ಲವೆಂದು ಬೈಗುಳಗಳನ್ನೆಲ್ಲ ತೊಳೆದು ತಂದರು.

“ನಿಮ್ಮೋರಿಗೆ ನೋವಾಗಬಾರ್ದು ಅಂತಲೇ ಅಕ್ಕಾ. ಸಂಪಾದಕಿ ಅಂತ ನಿಮ್ಮ ಹೆಸರೇ ಹಾಕ್ತೀನಿ.”

“ನಮ್ಮಪ್ಪನ್ನ ಹೊಳಲ್ಕೆರೆ ಸಂತೇಲಿ ಹಿಂಗೇ ಬೈದು ಎಳ್ಕಂಡು ಹೋಗಿದ್ರು ಕಣಪ್ಪ. ಬೈಗುಳ ಅಳಿಸಿದ್ರೆ ಬೈದೋನು ಒಳ್ಳೇನಾಗ್ತಾನೆ. ಅದರ ಮೇಲೆ ನನ್ನ ಹೆಸರು ಹಾಕಾದಾದ್ರೆ ನಾನು ಇವತ್ತೇ ಮನೆಗೆ ಹೋಗ್ತೀನಿ.”

“ಹಂಗಾದ್ರೆ ಹೋಗ್ರಿ!”

ಜುಂಜಮ್ಮನವರು ಕೈಚೀಲ ಹೆಗಲಿಗೇರಿಸಿ ನಿಂತರು. “ಹೋಗಾಣ. ಕಟ್ಟಳೆ ಐತಲ್ಲ, ಮೊದ್ಲು ಓದು.”

ಪ್ರದೀಪ್ ಓದಿದರು. ತೊಳೆದ ಪಠ್ಯದಲ್ಲಿ ಇನ್ಸ್‌ಪೆಕ್ಟರು, “ಬರ್ರಿ ಓಬಯ್ಯನವರೇ, ಕುಂತ್ಕಳ್ರಿ, ಚಾ ಕುಡೀರಿ” ಎಂದು ಉಪಚರಿಸಿ, ಮರುಸಾಲಿನಲ್ಲೇ ಕೋಳ ತೊಡಿಸಿದ. ಹಾಳೆ ಮಡಚುತ್ತಿದ್ದ ಕೈಗಳೆಲ್ಲ ನಿಂತವು.

“ಅಲ್ರಿ, ಮನೆಗೆ ಬಂದ ಅಳಿಯನ್ನ ಮಾತಾಡ್ಸಿದಂಗೆ ಮಾತಾಡ್ಸಿ, ಕೋಳ ಯಾಕೆ ಹಾಕಿದ್ರು?” ಎಂದರು ನಾಗಕ್ಕ. ಎದ್ದ ನಗೆಗೆ ಕೋಟೆಯ ಏಳು ಸುತ್ತೂ ಅದುರಿ, ಅಚ್ಚಿನ ಯಂತ್ರವೇ ಬಿಕ್ಕಳಿಸಿತೆಂದು ಕಂಡವರ ಸಾಕ್ಷಿಯಿದೆ.

ಪ್ರದೀಪ್ ಹಿಂದಿನ ಹಾಳೆಗಳನ್ನು ತಿರುವಿದರು, ಮುಂದಿನವನ್ನು ತಿರುವಿದರು. ಕಾರಣ ಎಲ್ಲಿಯೂ ಇರಲಿಲ್ಲ, ಅಳಿಸಿದ್ದು ಅವರೇ.

“ಹೌದಲ್ಲ ಅಕ್ಕಾ... ಇವನ್ನ ಯಾಕೆ ಹಿಡಿದ್ರು?”

“ನಮ್ಮಪ್ಪ ಸಾಯೋ ತನಕ ಅದನ್ನೇ ಕೇಳ್ತಿದ್ದ,” ಎಂದರು ಜುಂಜಮ್ಮನವರು.

ಪ್ರದೀಪ್ ಹಳೆಯ ಪಠ್ಯವನ್ನೇ ಅಚ್ಚಿಗೆ ಕೊಟ್ಟರು. ಪುಸ್ತಕ ಒಂದು ಬೈಗುಳವೂ ಕುಂದದೆ, ಜುಂಜಮ್ಮನವರದೇ ಹೆಸರು ಹೊತ್ತು ಹೊರಬಂತು.

ಅವರು ನೂರು ತುಂಬಿಸಲಿ, ತೊಳೆಯಹೊರಟವರ ಎದುರು ಆ ಕೆಂಪು ಪೆನ್ನು ಹಿಡಿದು ನಿಂತೇ ಇರಲಿ. ಈ ಲೇಖನದ ಕರಡಚ್ಚನ್ನೂ ಅವರೇ ನೋಡಿದ್ದಾರೆ. ಚಿರತೆಗಳ ಪಕ್ಕ ಪ್ರಶ್ನಾರ್ಥಕ ಚಿಹ್ನೆ ಹಾಕಿದರು. ಸಿಟ್ಟಿನ ಮಾತನ್ನಾದರೂ ತೆಗೆಸೋಣವೇ ಎಂದು ನಾಗಕ್ಕ ಕೇಳಿದ್ದಕ್ಕೆ ಪೆನ್ನಿನ ಮುಚ್ಚಳ ಹಾಕಿಬಿಟ್ಟರು:

“ಇರ್ಲಿ ಬಿಡೇ. ಐತಲ್ಲ.”