ಚಿವುಟಮ್ಮನೂ ಭಾವನ ಬೆಕ್ಕೂ

ಊರಿನ ಪ್ರಾಣಿಗಳ ಆಸ್ಪತ್ರೆಯಲ್ಲಿ ಹತ್ತೊಂಬತ್ತು ವರ್ಷದಿಂದ ನರ್ಸ್ ಆಗಿರುವವಳಿಗೆ ಚಿವುಟಮ್ಮ ಎಂದು ಹೆಸರಿಟ್ಟವರು ಹಿಂದಿನ ಡಾಕ್ಟರು. ಅವರು ನಿವೃತ್ತರಾಗಿ ಹೋದರು, ಹೆಸರು ಇಲ್ಲೇ ಉಳಿಯಿತು. ನಾಯಿಯಾಗಲಿ ಬೆಕ್ಕಾಗಲಿ, ಮೇಜಿನ ಮೇಲೆ ಬಂದು ನಿಂತ ಕೂಡಲೇ ಅವಳ ಕೈ ಹೋಗುವುದು ಅದರ ಹೆಗಲ ಚರ್ಮಕ್ಕೆ. ಎರಡು ಬೆರಳಲ್ಲಿ ಚಿವುಟಿ ಎತ್ತಿ, ಬಿಡುತ್ತಾಳೆ. ಚರ್ಮ ಸಟ್ಟನೆ ಹಿಂದಕ್ಕೆ ಕೂತರೆ ಮೈಯಲ್ಲಿ ನೀರಿದೆ. ಡೇರೆಯ ಹಾಗೆ ನಿಂತೇ ಇದ್ದರೆ ಇಲ್ಲ. ಆಮೇಲೆ ತುಟಿ ಸರಿಸಿ ವಸಡು ಮುಟ್ಟುತ್ತಾಳೆ, ಜಾರುತ್ತದೆಯೋ ಅಂಟುತ್ತದೆಯೋ ಎಂದು. ಇಷ್ಟಾದ ಮೇಲೆ ಅವಳು ಕೇಳುವ ಪ್ರಶ್ನೆ ಒಂದೇ: ಏನು ತಿನ್ನಿಸ್ತೀರಿ?

ಜನ ಉತ್ತರ ಕೊಡುವುದು ಬೇರೆ ಯಾವುದೋ ಪ್ರಶ್ನೆಗೆ. ಬಟ್ಟಲ ತುಂಬ ನೀರಿಟ್ಟಿದ್ದೇವೆ ಅನ್ನುತ್ತಾರೆ. ದಿನಾ ಬದಲಾಯಿಸುತ್ತೇವೆ ಅನ್ನುತ್ತಾರೆ. ಸೋಸಿದ ನೀರೇ ಕೊಡುತ್ತೇವೆ ಎಂದು ಒಬ್ಬರು ಎದೆಯುಬ್ಬಿಸಿ ಹೇಳಿದ್ದರು. ಪ್ಯಾಕೆಟ್ಟಿನಲ್ಲಿ ಬರುವ ಕಾಳಿನಂಥ ಒಣ ಆಹಾರದಲ್ಲಿ ಹತ್ತಕ್ಕೆ ಒಂದು ಪಾಲು ನೀರು, ಡಬ್ಬಿಯ ಮೆತ್ತನೆ ಆಹಾರದಲ್ಲಿ ಹತ್ತಕ್ಕೆ ಏಳೆಂಟು ಪಾಲು. ಒಣದು ತಿಂದ ನಾಯಿ ಕೊರತೆಯನ್ನು ಬಟ್ಟಲಿಂದ ಹೆಚ್ಚುಕಡಿಮೆ ತುಂಬಿಕೊಳ್ಳುತ್ತದೆ. ಬೆಕ್ಕಿಗೆ ಬಾಯಾರಿಕೆಯೇ ಮಂದ, ಅರ್ಧಂಬರ್ಧ ಕುಡಿದು ಎದ್ದು ಹೋಗುತ್ತದೆ. ಇದನ್ನೇ ಹೇಳಿ ಹೇಳಿ ಅವಳ ಗಂಟಲ ಪಸೆ ಆರಿತ್ತು.

ಹೊರಗಿನವರಾದರೆ ಹೋಗಲಿ ಅನ್ನಬಹುದಿತ್ತು. ಅವಳ ತಲೆ ತಿಂದದ್ದು ಅಕ್ಕನ ಗಂಡ.

ಭಾವ ಮೂವತ್ತನಾಲ್ಕು ವರ್ಷ ಮನೆ ಮನೆಗೆ ಹೋಗಿ ನೀರಿನ ಮೀಟರ್ ಓದಿದವರು. ನಾವು ಅಷ್ಟೊಂದು ನೀರು ಬಳಸಿಲ್ಲ ಎಂದು ಯಾರು ಗೋಗರೆದರೂ ಕಿವಿಗೊಡದೆ, ಬಗ್ಗಿ, ಮುಚ್ಚಳ ಎತ್ತಿ, ಅಂಕಿ ನೋಡಿಯೇ ನಂಬಿದವರು. ನಿವೃತ್ತಿಯಾದ ಮೇಲೆ ಓದಲು ಮೀಟರ್ ಇಲ್ಲದೆ ಮನೆಯ ಎರಡು ನೀರಿನ ಬಟ್ಟಲುಗಳ ಒಳಗೆ ಅಳಿಸದ ಶಾಯಿಯಿಂದ ಗೆರೆ ಎಳೆದರು. ಒಂದು ಬಟ್ಟಲು ಮುದುಕಿಯದು, ಅಂದರೆ ಹದಿಮೂರು ವರ್ಷದ ನಾಯಿಯದು. ಇನ್ನೊಂದು ದೊರೆಯದು, ಅಂದರೆ ಐದು ಕೇಜಿ ತೂಗುವ ಗಂಡು ಬೆಕ್ಕಿನದು.

ಒಂದು ಸೋಮವಾರ, ಬೆಂಚಿನ ಮೇಲೆ ಜಾಗವಿಲ್ಲದಷ್ಟು ಜನ ಇರುವಾಗ, ಭಾವ ಮುದುಕಿಯನ್ನು ಎತ್ತಿಕೊಂಡು ಬಂದರು. ಹೆಗಲ ಚೀಲದಲ್ಲಿ ಬಟ್ಟಲೂ ಇತ್ತು. ಮೂರು ದಿನದಿಂದ ನೀರು ಮೊದಲ ಗೆರೆಯಿಂದ ಇಳಿದಿಲ್ಲ, ತಕ್ಷಣ ಡ್ರಿಪ್ ಹಾಕಬೇಕು ಎಂದರು. ಚಿವುಟಮ್ಮ ಚರ್ಮ ಎತ್ತಿದಳು, ಸಟ್ಟನೆ ಕೂತಿತು. ವಸಡು ಜಾರುತ್ತಿತ್ತು. ಏನು ತಿನ್ನಿಸುತ್ತಿದ್ದೀರಿ ಎಂದು ಕೇಳಿದಳು. ಮುದುಕಿಗೆ ಹಲ್ಲಿಲ್ಲವೆಂದು ಡಾಕ್ಟರನ್ನೇ ಕೇಳಿಕೊಂಡು ಅಕ್ಕ ಈಚೆಗೆ ಕೋಳಿ, ತರಕಾರಿ ಬೇಯಿಸಿ, ಬೆಂದ ನೀರಿನ ಸಮೇತ ಗಂಜಿಯ ಹಾಗೆ ಕಲಸಿ ಕೊಡುತ್ತಿದ್ದಳಂತೆ.

"ಭಾವ, ಅದು ನೀರನ್ನೇ ತಿಂತಾ ಇದೆ. ಬಾಯಾರಿಕೆ ಎಲ್ಲಿಂದ ಬರಬೇಕು?"

"ತಿನ್ನೋದು ಬೇರೆ, ಕುಡಿಯೋದು ಬೇರೆ ಕಣಮ್ಮ. ದೊರೆಯನ್ನ ನೋಡು, ದಿನಾ ಮೂರನೇ ಗೆರೆ ಮುಟ್ಟಿಸ್ತಾನೆ."

ದೊರೆ ತಿನ್ನುವುದು ಬರೀ ಒಣ ಕಾಳು ಎಂದು ಅವಳಿಗೆ ಗೊತ್ತಿತ್ತು. ಮರಳಿನ ತಟ್ಟೆಯಲ್ಲಿ ಅವನ ಮೂತ್ರಕ್ಕೆ ದಿನಕ್ಕೆ ಎಷ್ಟು ಉಂಡೆ ಕಟ್ಟುತ್ತವೆ ಎಂದು ಕೇಳಿದಳು. ಒಂದೋ ಎರಡೋ, ನೆಲ್ಲಿಕಾಯಿಯಷ್ಟು, ಎಂದರು ಭಾವ, ಅದೂ ಒಂದು ಹೆಚ್ಚುಗಾರಿಕೆ ಎಂಬಂತೆ. ಅಷ್ಟು ಕುಡಿದರೂ ಅದಕ್ಕೆ ಸಾಲುತ್ತಿಲ್ಲ, ಮೆತ್ತನೆ ಆಹಾರ ಶುರು ಮಾಡಿ, ಒಮ್ಮೆ ಇಲ್ಲಿಗೆ ಕರೆತನ್ನಿ ಎಂದು ಅವಳು ಬಿಡಿಸಿ ಬಿಡಿಸಿ ಹೇಳುತ್ತಿದ್ದರೆ ಅವರು ಡಾಕ್ಟರ ಬಾಗಿಲ ಕಡೆಗೇ ನೋಡುತ್ತಿದ್ದರು. ಒಳಗೆ ಡಾಕ್ಟರು ಮುದುಕಿಯನ್ನು ಮುಟ್ಟಿ ನೋಡಿ, ಚಿವುಟಮ್ಮ ಆಡಿದ ಮಾತನ್ನೇ ಆಡಿದರು. ಹೊರಗೆ ಬಂದ ಭಾವ, "ನೀರು ಊಟದಲ್ಲೇ ಹೋಗ್ತಿದೆಯಂತೆ, ಡಾಕ್ಟರು ಹೇಳಿದ್ರು, ತಿಳ್ಕೋ" ಎಂದು ಅವಳಿಗೇ ಪಾಠ ಹೇಳಿ ಹೊರಟರು. ಹಿತ್ತಲ ಗಿಡ ಮದ್ದಲ್ಲ. ಅವಳು ಕೈಯಲ್ಲಿದ್ದ ಹತ್ತಿಯನ್ನು ಬುಟ್ಟಿಗೆ ಎಸೆದಳು, ಅದೂ ಗುರಿ ತಪ್ಪಿತು. ದೊರೆಯ ಮಾತನ್ನು ಡಾಕ್ಟರ ಹತ್ತಿರ ಅವರು ಎತ್ತಿರಲೇ ಇಲ್ಲ.

ಆ ವಾರ ಅವಳು ಅಕ್ಕನಿಗೆ ಎರಡು ಸಲ ಫೋನ್ ಮಾಡಿದಳು. ಹೇಳ್ತೀನಿ ಕಣೇ ಎಂದಳು ಅಕ್ಕ. ಹೇಳಿಯೂ ಇದ್ದಳು. ಭಾವನದು ಹಿಡಿದ ಮೊಲಕ್ಕೆ ಮೂರೇ ಕಾಲು: ಕುಡಿಯುವ ಪ್ರಾಣಿಗೆ ನೀರಿನ ಕೊರತೆ ಎಲ್ಲಾದರೂ ಉಂಟೇ?

ಹನ್ನೊಂದನೆಯ ದಿನ ಮಧ್ಯಾಹ್ನ ಅಕ್ಕನ ಫೋನ್ ಬಂತು. ದೊರೆಗೆ ಬೆಳಗಿನಿಂದ ಮಲಬದ್ಧತೆ, ಮರಳಿನ ತಟ್ಟೆಯಲ್ಲಿ ಕೂತು ಕೂತು ಏಳುತ್ತಿದ್ದಾನೆ, ಒಂಥರಾ ಅಳುತ್ತಾನೆ, ಭಾವ ಒಂದು ಚಮಚ ಎಣ್ಣೆ ಕುಡಿಸಿದ್ದಾರೆ ಎಂದಳು. ಚಿವುಟಮ್ಮನ ಕೈಯಲ್ಲಿ ಅರ್ಧ ಸುತ್ತಿದ ಬ್ಯಾಂಡೇಜು ಹಾಗೇ ನಿಂತಿತು. ಕೊನೆಯ ಸಲ ಮೂತ್ರ ಮಾಡಿದ್ದು ಯಾವಾಗ ಎಂದು ಕೇಳಿದಳು. ಅಕ್ಕನಿಗೆ ಗೊತ್ತಿರಲಿಲ್ಲ. ಭಾವ ಫೋನ್ ಇಸಕೊಂಡು, ಎಣ್ಣೆ ಕೆಲಸ ಮಾಡಲಿ, ನಾಳೆ ನೋಡೋಣ ಎಂದರು.

"ಭಾವ, ಅದು ಮಲಬದ್ಧತೆ ಅಲ್ಲ. ಮೂತ್ರ ಕಟ್ಟಿದೆ. ನಾಳೆ ತಂದ್ರೆ ನಾನು ಚಿವುಟಿ ನೋಡೋಕೂ ಏನೂ ಉಳಿದಿರಲ್ಲ. ಈಗ ಹೊರಡಿ."

ಇಷ್ಟು ವರ್ಷದಲ್ಲಿ ಅವಳು ಭಾವನ ಜೊತೆ ಆ ದನಿಯಲ್ಲಿ ಮಾತಾಡಿದ್ದು ಅದೇ ಮೊದಲು. ಅರ್ಧ ಗಂಟೆಯೊಳಗೆ ಅವರು ಬುಟ್ಟಿ ಹಿಡಿದು ಬಾಗಿಲಲ್ಲಿದ್ದರು.

ದೊರೆಯ ಹೊಟ್ಟೆಯಲ್ಲಿ ಮೂತ್ರಚೀಲ ಬಲಿತ ಮೂಸಂಬಿಯಂತೆ ಗಟ್ಟಿಯಾಗಿತ್ತು. ಡಾಕ್ಟರು ಅರಿವಳಿಕೆ ಕೊಟ್ಟು ಮೂತ್ರದ ದಾರಿಗೆ ಸಣ್ಣ ನಳಿಕೆ ಹಾಕಿದರು. ಮೊದಲು ನೀರು ಸಾಲದೆ ಹರಳುಗಟ್ಟಿದ ಹಿಟ್ಟಿನಂಥ ಮರಳು, ಆಮೇಲೆ ರಕ್ತ ಬೆರೆತ ಮೂತ್ರ. ಚಿವುಟಮ್ಮ ಮುಂಗಾಲಿಗೆ ಡ್ರಿಪ್ ಹಚ್ಚಿ, ತಲೆ ಹಿಡಿದು ನಿಂತಿದ್ದಳು. ಒಂದು ಗಂಟೆಯ ಮೇಲೆ ಹೊರಗೆ ಬಂದಾಗ ಭಾವ ಎದ್ದು ನಿಂತರು.

"ಎಷ್ಟು ಬಂತು?" ಎಂದರು.

ಬದುಕಿದನೇ ಎಂದು ಕೇಳಬೇಕಾದ ಮನುಷ್ಯ ಅಂಕಿ ಕೇಳುತ್ತಿದ್ದಾರಲ್ಲ ಎಂದು ಅವಳಿಗೆ ಮೈಯೆಲ್ಲ ಉರಿಯಿತು. ನೂರ ನಲವತ್ತು ಎಂ.ಎಲ್. ಎಂದಳು.

"ಅವನು ಕುಡೀತಿದ್ದ ಕಣಮ್ಮ," ಎಂದರು ಭಾವ. "ದಿನಾ ಕುಡೀತಿದ್ದ. ನಾನೇ ನೋಡ್ತಿದ್ದೆ." ಖಾಲಿ ಬುಟ್ಟಿಯನ್ನು ಎದೆಗವಚಿಕೊಂಡಿದ್ದರು. ಬೆಕ್ಕು ಬದುಕಿದೆ, ಮನೆಗೆ ಹೋಗಿ ಊಟ ಮಾಡಿ ಎಂದಷ್ಟೇ ಹೇಳಿದಳು.

ಮೂರು ದಿನದ ಮೇಲೆ ದೊರೆ ಮನೆಗೆ ಹೋದ. ನಿಜವಾದ ಕಷ್ಟ ಶುರುವಾದದ್ದು ಆಮೇಲೆ. ಡಬ್ಬಿಯ ಆಹಾರವನ್ನು ಅವನು ಮೂಸಿ, ಮುಂಗಾಲಿಂದ ನೆಲ ಕೆರೆದು, ಹೊಲಸು ಮುಚ್ಚುವಂತೆ ಮಾಡಿ ಹೋದ. ಹಸಿವಾದರೆ ತಾನೇ ತಿನ್ನುತ್ತಾನೆ ಎಂದು ಬೆಕ್ಕನ್ನು ಉಪವಾಸ ಕೆಡವುವಂತಿಲ್ಲ, ಯಕೃತ್ತು ಕೆಡುತ್ತದೆ. ಅದಕ್ಕೇ ಚಿವುಟಮ್ಮ ಕೆಲಸ ಮುಗಿಸಿ ದಿನಾ ಸಂಜೆ ಅಕ್ಕನ ಮನೆಗೆ ಹೋಗಿ, ಕಾಳಿನ ಮೇಲೆ ಬಿಸಿನೀರು ಚಿಮುಕಿಸಿ, ಪಕ್ಕದಲ್ಲಿ ಅರ್ಧ ಚಮಚ ಮೆತ್ತನೆಯದಿಟ್ಟು, ಎರಡು ದಿನಕ್ಕೊಮ್ಮೆ ಇನ್ನಷ್ಟು ಹೆಚ್ಚಿಸಿ, ನೆಲದ ಮೇಲೆ ಕೂತು ಕಾದಳು. ಎಂಟನೆಯ ಸಂಜೆ ಸೋಫಾದ ಹಿಂದೆ ಕಟಂಕಟಂ ಸದ್ದು ಕೇಳಿಸಿತು. ಬಗ್ಗಿ ನೋಡಿದರೆ ಭಾವ ಕಿಸೆಯಿಂದ ಒಂದೊಂದೇ ಒಣ ಕಾಳು ತೆಗೆದು ದೊರೆಗೆ ಕೊಡುತ್ತಿದ್ದರು. ಪಾಪ, ಸೊರಗಿದ್ದಾನೆ ಎಂದರು. ಅವಳು ಹಣೆ ಚಚ್ಚಿಕೊಂಡು, ಕಿಸೆ ಬರಿದು ಮಾಡಿಸಿ, ಮೊದಲಿಂದ ಶುರು ಮಾಡಿದಳು.

ಐದನೆಯ ವಾರಕ್ಕೆ ದೊರೆ ಮೆತ್ತನೆಯದನ್ನೇ ತಿಂದು ಊಟದ ತಟ್ಟೆ ನೆಕ್ಕತೊಡಗಿದ. ನೀರಿನ ಬಟ್ಟಲ ಕಡೆ ತಿರುಗಿಯೂ ನೋಡದಾದ. ಭಾವನಿಗೆ ಮತ್ತೆ ನಿದ್ದೆ ಹಾರಿತು. ಒಳಗೆ ಹೋದದ್ದನ್ನು ಬಿಡಿ, ಹೊರಗೆ ಬಂದದ್ದನ್ನು ತೂಗಿ ಎಂದು ಚಿವುಟಮ್ಮ ಬೇಸತ್ತು ಹೇಳಿದಳು. ಹೇಳಿದ್ದೇ ತಪ್ಪಾಯಿತು. ಭಾವ ಅಡುಗೆಮನೆಯ ತಕ್ಕಡಿಯನ್ನು ಮರಳಿನ ತಟ್ಟೆಯ ಪಕ್ಕಕ್ಕೆ ಒಯ್ದಿಟ್ಟರು. ಅಕ್ಕ ಬೇರೆ ತಕ್ಕಡಿ ತಂದುಕೊಂಡಳು. ದಿನಾ ಮಧ್ಯಾಹ್ನ, ಸರಿಯಾಗಿ ಚಿವುಟಮ್ಮ ತನ್ನ ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ, ಫೋನ್ ಬರುತ್ತದೆ: ಮೂರು ಉಂಡೆ, ಇಂತಿಷ್ಟು ಗ್ರಾಂ. ತುತ್ತು ಕೈಯಲ್ಲಿ ಹಿಡಿದು ಅವಳು ಹೂಂ ಅನ್ನುತ್ತಾಳೆ.

ಮೊನ್ನೆ ಒಂದು ದಿನ ಫೋನ್ ಬರಲಿಲ್ಲ. ಗಂಟೆ ಎರಡಾಯಿತು, ಎರಡೂವರೆಯಾಯಿತು. ಅವಳಿಗೆ ಊಟ ಸೇರಲಿಲ್ಲ. ಕೊನೆಗೆ ತಾನೇ ಫೋನ್ ಮಾಡಿದರೆ ಭಾವ ಕ್ಷೌರದಂಗಡಿಯಲ್ಲಿ ಕೂತಿದ್ದರು, ಹಿಂದೆ ಕತ್ತರಿಯ ಸದ್ದು.

"ಹೇಳಿ ಹೋಗಬಾರದಾ ಭಾವ?" ಎಂದು ರೇಗಿ, ಅವಳು ಫೋನ್ ಇಟ್ಟಳು.