ಸೇತುವೆ ಏರಿ ಇಳಿಯದ ಬಂಡಿ

ದೆವ್ವ, ಗಾಳಿ, ಶಕುನ ಎಂದು ಮಾತಾಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ರಸ್ತೆ ಕೆಲಸದ ಓವರ್‌ಸಿಯರ್ ಆಗಿ ಬಿಸಿಲಲ್ಲಿ ಬೆಂದವನು ನಾನು. ಅಳತೆಗೆ ಸಿಕ್ಕಿದ್ದನ್ನು ಮಾತ್ರ ನಂಬುತ್ತಿದ್ದೆ. ಈಗಲೂ ನಿಮ್ಮನ್ನು ನಂಬಿಸುವ ಉಮೇದು ನನಗಿಲ್ಲ. ಕೇಳಿದವರಿಗೆಲ್ಲ ಹೇಳಿ ಹೇಳಿ ಸಾಕಾಗಿದೆ. ಬರೆದಿಟ್ಟರೆ ಮತ್ತೆ ಹೇಳುವುದಾದರೂ ತಪ್ಪೀತು.

ಹಗರಿಬೊಮ್ಮನಹಳ್ಳಿಯ ಹಳೇ ದಾರಿಯಲ್ಲಿ ಚಿಕ್ಕಹಗರಿ ಹೊಳೆಗೆ ಒಂದು ಕಲ್ಲಿನ ಕಮಾನು ಸೇತುವೆ ಇದೆ. ಬ್ರಿಟಿಷರ ಕಾಲದ್ದು. ಕಬ್ಬಿಣದ ಚೂರೂ ಇಲ್ಲ. ಒಂದಕ್ಕೊಂದು ಒರಗಿದ ಕಲ್ಲುಗಳನ್ನು ನೆತ್ತಿಯ ಕಲ್ಲು ಬೀಗ ಹಾಕಿದಂತೆ ಹಿಡಿದಿದೆ. ಮೇಲೆ ಭಾರ ಬಿದ್ದಷ್ಟೂ ಅವು ಬಿಗಿಯಾಗುತ್ತವೆ. ಗಾರೆಗೆ ಬೆಲ್ಲದ ನೀರು ಬೆರೆಸಿದ್ದರೆಂದು ಹಿರಿಯರು ಹೇಳುತ್ತಿದ್ದರು. ಕಟ್ಟಿದ್ದು ಬಂಡಿಗಳಿಗಾಗಿ, ಹಾಗಾಗಿ ಅಗಲವೂ ಒಂದೇ ಬಂಡಿಯಷ್ಟು. ನಡುವಿನ ಕಮಾನು ಎತ್ತರವಾದ್ದರಿಂದ ಸೇತುವೆ ಗೂನುಬೆನ್ನಿನ ಹಾಗಿದೆ. ಈ ತುದಿಯಿಂದ ಆ ತುದಿ ಕಾಣದು. ಅದಕ್ಕೇ ಅಲ್ಲೊಂದು ರೂಢಿ. ಹಾರ್ನ್ ಹೊಡೆದು ಕಿವಿಗೊಡಬೇಕು. ಆಚೆಯಿಂದ ಎತ್ತಿನ ಗಂಟೆ ಕೇಳಿದರೆ ಮೋಟಾರಿನವನು ನಿಲ್ಲಬೇಕು. ಹೇರು ಎಳೆಯುವ ಎತ್ತುಗಳು ಏರಿನಲ್ಲಿ ಹಿಂದಕ್ಕೆ ಸರಿಯಲಾರವು.

ಕೆಲವು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ಹೊಸಹಳ್ಳಿ ಕಡೆ ಕೆಲಸದ ಮೇಲಿದ್ದೆ. ಹಂಪಸಾಗರದಿಂದ ಭಾವನ ಫೋನ್ ಬಂತು. "ಲಗೂನ ಬರ್ರಿ. ನಿಮ್ಮಕ್ಕ ಬೆಳಿಗ್ಗಿಂದ ನಿಮ್ಮ ಹೆಸರೇ ಹಿಡಿದಾಳ. ನೀವು ಬರೋತನ ಜೀವ ಹಿಡ್ಕೊಂಡಾಳ ಅನಸ್ತೈತಿ." ಅವ್ವ ಹೋದ ಮೇಲೆ ನನ್ನನ್ನು ಸಾಕಿದವಳು ಈ ಅಕ್ಕ. ಅವಳ ಕಣ್ಣು ಮುಚ್ಚುವ ಮುಂಚೆ ಎದುರಿಗೆ ನಿಲ್ಲಬೇಕು, ಅಷ್ಟೇ ನನಗೆ ಬೇಕಿದ್ದದ್ದು.

ದೊಡ್ಡ ರಸ್ತೆ ಸುತ್ತಾಗುತ್ತದೆಂದು ಹಳೇ ದಾರಿ ಹಿಡಿದೆ. ಸೇತುವೆಯ ಬುಡದಲ್ಲಿ ಹಾರ್ನ್ ಹೊಡೆದೆ. ಆಚೆಯಿಂದ ಗಂಟೆ ಕೇಳಿತು. ಕಾರು ನಿಲ್ಲಿಸಿದೆ. ಗಂಟೆ, ಗಾಲಿಯ ಕಿರುಗುಟ್ಟು, ಎತ್ತುಗಳ ಏದುಸಿರು ಏರುತ್ತ ಏರುತ್ತ ನೆತ್ತಿಯ ತನಕ ಬಂದವು. ಇನ್ನೇನು ಕೊಂಬು ಕಂಡಾವು ಎಂದು ನೋಡಿದೆ. ಸದ್ದು ಅಲ್ಲೇ ನಿಂತಿತು. ಎತ್ತುಗಳು ದಣಿದಿರಬೇಕೆಂದು ಕಾದೆ. ಕೊನೆಗೆ ತಡೆಯಲಾರದೆ ಇಳಿದು ನಡೆದು ಹೋದೆ.

ನೆತ್ತಿಯ ಮೇಲೆ ಬಂಡಿ ಇರಲಿಲ್ಲ. ಎದುರಿನಿಂದ ಒಬ್ಬ ನಡೆದು ಬರುತ್ತಿದ್ದ. ಅವನ ಮೆಕ್ಕೆಜೋಳದ ಟ್ರ್ಯಾಕ್ಟರ್ ಆ ತುದಿಯಲ್ಲಿ ನಿಂತಿತ್ತು.

"ಬಂಡಿ ಎಲ್ಲಿ ಹೋತ್ರೀ?" ಎಂದು ಅವನೇ ಕೇಳಿದ.

"ನಿನ್ನ ಕಡಿಂದ ಬಂತಲ್ಲಪ್ಪ."

"ಇಲ್ರೀ! ನಿಮ್ಮ ಕಡಿಂದ ಏರಿದ್ದು ಕೇಳೇ ನಾ ನಿಂತೀನಿ."

ಇಬ್ಬರೂ ಮೊಣಕಾಲೆತ್ತರದ ಕಟ್ಟೆಯಿಂದ ಬಗ್ಗಿ ಕೆಳಗೆ ನೋಡಿದೆವು. ಮರಳು, ನಡುವೆ ಒಂದಿಷ್ಟು ನೀರು, ಅಷ್ಟೇ. ಅವನು ಬೆವರು ಒರೆಸಿಕೊಂಡು, "ನೀವು ಮೊದ್ಲು ಹೋಗಿಬಿಡ್ರಿ," ಎಂದ.

ಹಂಪಸಾಗರ ಮುಟ್ಟಿದಾಗ ಅಂಗಳದಲ್ಲಿ ಜನ ಸೇರಿದ್ದರು. ಅಕ್ಕ ಆಗಷ್ಟೇ ಹೋಗಿದ್ದಳು. ಜಗುಲಿಯ ಮೇಲೆ ಕುಳಿತೆ. ಬಾರದ ಬಂಡಿಗೆ ದಾರಿ ಬಿಟ್ಟು ನಿಂತಿದ್ದೆ ಎಂದು ಯಾರ ಮುಂದೆ ಹೇಳಲಿ?

ಭಾವ ಪಕ್ಕಕ್ಕೆ ಬಂದು ಕೂತರು. "ಮನಸ್ಸಿಗೆ ಹಚ್ಕೋಬ್ಯಾಡ್ರಿ. ಆಕಿ ಸಮಾಧಾನದಿಂದ ಹೋದ್ಲು. ಕಣ್ಣು ತೆರೆದು, ಬಂಡಿ ಗಂಟಿ ಕೇಳ್ತೈತಿ, ತಮ್ಮ ಬಂದ, ಬಾಗ್ಲ ತೆಗೀರಿ ಅಂದ್ಲು. ತೆಗದ್ವಿ. ಯಾರೂ ಇರ್ಲಿಲ್ಲ. ಆಕಿ ಮಾತ್ರ ಬಾಗ್ಲ ಕಡಿ ನೋಡಿ ನಕ್ಕಳು."

ಆಮೇಲೊಮ್ಮೆ ಟೇಪು ಹಿಡಿದು ಆ ಸೇತುವೆಯನ್ನು ಅಳೆದೆ. ಬಂಡಿ ತಿರುಗಿಸಲು ಅಲ್ಲಿ ಜಾಗವಿಲ್ಲ. ಕಮಾನಿನಡಿಯ ಪ್ರತಿಧ್ವನಿ ಇರಬೇಕು ಎಂದು ನನ್ನ ಜೊತೆಯವರು ಹೇಳಿದರು. ಪ್ರತಿಧ್ವನಿಗೂ ಮೊದಲೊಂದು ಸದ್ದು ಬೇಕಲ್ಲ? ನನ್ನ ಕಾರಿಗೆ ಗಂಟೆ ಇರಲಿಲ್ಲ.

ಬಾಗಿಲಲ್ಲಿ ಅಕ್ಕ ನನ್ನನ್ನೇ ಕಂಡಳೆಂದು ಭಾವ ಈಗಲೂ ಹೇಳುತ್ತಾರೆ. ಅವಳು ಕಂಡಿರಬಹುದು. ನಾನು ಅವಳನ್ನು ಕಾಣಲಿಲ್ಲ.